ಓಡುವ ಹಗ್ಗಕ್ಕೆ ನಮಸ್ಕಾರ

ನಾನು ಮೈಸೂರಿನವಳು. ನಮ್ಮ ಪಾಲಿಗೆ ಸಮುದ್ರ ಅಂದರೆ ಕನ್ನಂಬಾಡಿ ಕಟ್ಟೆಯ ಹಿನ್ನೀರು. ಅದಕ್ಕಿಂತ ದೊಡ್ಡ ನೀರು ಕಂಡರೆ ದಡದಲ್ಲಿ ಕೂತು ಎಲ್ಲರ ಚಪ್ಪಲಿ ಕಾಯುವವರ ಪೈಕಿ ನಾನು. ಇಂಥವಳು ಜಪಾನಿನ ಓಕಿನಾವಾದ ನಾಹಾ ಬಂದರಿನಿಂದ ನಾವು ಈಗ ಇರುವ ನಗೋಯಾವರೆಗೆ ಹಾಯಿಹಡಗಿನಲ್ಲಿ ಹತ್ತು ದಿನ ಬಂದೆ ಅಂದರೆ ನನ್ನನ್ನು ಬಲ್ಲವರು ಯಾರೂ ನಂಬುವುದಿಲ್ಲ. ಟೋಕಿಯೋದ ಫುನಾಬೊರಿಯಲ್ಲಿರುವ ಹಳೆಯ ಗೆಳತಿ ಫೋನಿನಲ್ಲಿ, "ನೀನಾ? ಪಾರ್ಕಲ್ಲಿ ಬಾತುಕೋಳಿ ದೋಣಿ ಹತ್ತೋಕೇ ಊರೆಲ್ಲ ಒಂದು ಮಾಡಿದವಳು!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗಲಿ ಬಿಡಿ. ಆ ದೋಣಿ ನಿಜವಾಗಿಯೂ ಒಂದು ಕಡೆಗೆ ವಾಲಿತ್ತು.

ಇದಕ್ಕೆಲ್ಲ ಕಾರಣ ನನ್ನ ಮಗಳು. ಹದಿನೈದು ವರ್ಷ. ಜಪಾನಿಗೆ ಬಂದಾಗ ಕಂಕುಳಲ್ಲಿದ್ದ ಕೂಸು. ಈಗ ನನಗಿಂತ ಮೂರು ಬೆರಳು ಎತ್ತರ. ನಾನು ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ವಾದ ಮಾಡುತ್ತಾಳೆ, ವಾದದಲ್ಲಿ ಸೋತರೆ ಜಪಾನಿ ಭಾಷೆಯಲ್ಲಿ ಗೊಣಗುತ್ತಾಳೆ. ಇಲ್ಲಿ ಒಂಬತ್ತನೆಯ ಕ್ಲಾಸು ಮುಗಿದ ಮೇಲೆ ಮಕ್ಕಳು ಪರೀಕ್ಷೆ ಬರೆದು ಬೇರೆ ಶಾಲೆಗೆ ಸೇರಬೇಕು. ಬೇರೆಯವರ ಮಕ್ಕಳು ಮನೆ ಹತ್ತಿರದ ಹೈಸ್ಕೂಲು ಹುಡುಕುತ್ತಿದ್ದರೆ ಇವಳು ಹುಡುಕಿಕೊಂಡು ಬಂದದ್ದು ಹಡಗಿನ ಕಾಲೇಜನ್ನು. ಐದೂವರೆ ವರ್ಷದ ಓದು, ಹಾಸ್ಟೆಲ್ ವಾಸ, ನಡುನಡುವೆ ತಿಂಗಳುಗಟ್ಟಲೆ ಸಮುದ್ರ. ಮುಗಿಸಿದರೆ ಸರಕು ಹಡಗಿನಲ್ಲಿ ಅಧಿಕಾರಿ. ಅರ್ಜಿಗೆ ತಂದೆ ತಾಯಿಯ ಒಪ್ಪಿಗೆ ಬೇಕು.

ನಾನು ಬೇಡ ಅಂದೆ. ಒಂದು ಸಲವಲ್ಲ. ಸಾರಿಗೆ ಒಗ್ಗರಣೆ ಹಾಕುತ್ತಾ ಬೇಡ ಅಂದೆ, ಬಟ್ಟೆ ಮಡಿಸುತ್ತಾ ಬೇಡ ಅಂದೆ, ಸಬ್‌ವೇಯ ಎಸ್ಕಲೇಟರ್ ಮೇಲೆ ನಿಂತು ಹಿಂದೆ ತಿರುಗಿ ಬೇಡ ಅಂದೆ. ನನ್ನ ಗಂಡ ಜಾಣ. "ನೀವಿಬ್ರೂ ಏನು ತೀರ್ಮಾನ ಮಾಡ್ತೀರೋ ಅದೇ ನನ್ನ ತೀರ್ಮಾನ," ಎಂದು ಹೇಳಿ ಇಯರ್‌ಫೋನ್ ಹಾಕಿಕೊಂಡರು. ಬೇಡ ಅನ್ನಲು ನನ್ನ ಹತ್ತಿರ ಇಪ್ಪತ್ತು ಕಾರಣಗಳಿದ್ದವು, ಅವುಗಳಲ್ಲಿ ಹತ್ತೊಂಬತ್ತು ಬಾಯಿಮಾತಿನವು. ನಿಜವಾದದ್ದು ಒಂದೇ: ಅಷ್ಟು ದೂರದ ನೀರಿನ ಮೇಲೆ ಇವಳಿಗೆ ಏನಾದರೂ ಆದರೆ ಓಡಿಹೋಗಿ ಹಿಡಿದುಕೊಳ್ಳುವುದಕ್ಕೆ ನಾನು ಇರುವುದಿಲ್ಲ. ಇದನ್ನು ಅವಳಿಗೆ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಹಾಸ್ಟೆಲಿನ ಊಟ ಸರಿಯಿರುವುದಿಲ್ಲ ಅಂದೆ.

ಕೊನೆಗೊಂದು ದಿನ ಅವಳು ಲ್ಯಾಪ್‌ಟಾಪು ತಂದು ನನ್ನ ಮುಂದಿಟ್ಟಳು. ಬೇಸಿಗೆ ರಜೆಯಲ್ಲಿ ತರಬೇತಿ ಹಾಯಿಹಡಗೊಂದು ಸಾರ್ವಜನಿಕರನ್ನೂ ಹತ್ತಿಸಿಕೊಳ್ಳುತ್ತದಂತೆ.

"ಅಮ್ಮಾ, ಯೂ ಹ್ಯಾವ್ ನೆವರ್ ಸೀನ್ ಎ ಶಿಪ್. ನೋಡದೇ ನೋ ಅನ್ನೋದು ಫೇರ್ ಅಲ್ಲ. ಟೆನ್ ಡೇಸ್ ಇಬ್ರೂ ಹೋಗೋಣ. ಆಮೇಲೂ ನೀನು ಬೇಡ ಅಂದ್ರೆ ಬೇಡ. ನಾನು ಮತ್ತೆ ಆ ಮಾತೇ ಎತ್ತಲ್ಲ. ಪ್ರಾಮಿಸ್."

ನಾನು ಒಪ್ಪಿದೆ. ಯಾಕೆಂದರೆ ನನ್ನ ಲೆಕ್ಕಾಚಾರ ಬೇರೆಯೇ ಇತ್ತು. ಬಸ್ಸಿನಲ್ಲಿ ಮೊಬೈಲು ನೋಡಿದರೆ ತಲೆ ಸುತ್ತುತ್ತದೆ ಅನ್ನುವ ಹುಡುಗಿ. ಎರಡನೆಯ ದಿನಕ್ಕೇ ಹೊಟ್ಟೆ ಕೆಟ್ಟು, "ಅಮ್ಮಾ, ಮನೆಗೆ ಹೋಗೋಣ" ಅನ್ನುತ್ತಾಳೆ. ನಾನು ಬೆನ್ನು ನೀವಿ, ನಿಂಬೆಹಣ್ಣು ಮೂಸಿಸಿ, ದೊಡ್ಡ ಮನಸ್ಸಿನಿಂದ ಕ್ಷಮಿಸುತ್ತೇನೆ. ಜಗಳವಿಲ್ಲದೆ ಕಥೆ ಮುಗಿಯುತ್ತದೆ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಅಂತ ಸುಮ್ಮನೆ ಹೇಳಿಲ್ಲ. ನಾಹಾ ಬಿಟ್ಟು ಎರಡು ಗಂಟೆಯೂ ಆಗಿರಲಿಲ್ಲ, ಬಕೆಟ್ಟಿಗೆ ತಲೆ ಕೊಟ್ಟು ಕೂತವಳು ನಾನು. ಬಕೆಟ್ಟು ಹಿಡಿದು ನಿಂತವಳು ಅವಳು. "ಬ್ರೀದ್, ಅಮ್ಮಾ, ಬ್ರೀದ್" ಅನ್ನುವಾಗ ಆ ಮುಖದಲ್ಲಿ ಕನಿಕರಕ್ಕಿಂತ ಖುಷಿಯೇ ಹೆಚ್ಚಾಗಿತ್ತು. ನಾನು ಸತ್ಯ ಹೇಳುತ್ತಿದ್ದೇನೆ.

ಹಡಗಿಗೆ ಎರಡು ಕಂಬ. ಹತ್ತಿದವರು ಪ್ರವಾಸಿಗರಲ್ಲ, ಆಳುಗಳು: ಹಗ್ಗ ಎಳೆಯಬೇಕು, ಚುಕ್ಕಾಣಿ ಹಿಡಿಯಬೇಕು, ಅಡುಗೆಗೆ ತರಕಾರಿ ಹೆಚ್ಚಬೇಕು, ಕಕ್ಕಸು ತಿಕ್ಕಬೇಕು. ಎಂಜಿನ್ ಇಲ್ಲದೆ ಇಲ್ಲ. ಆದರೆ ಬಂದರು ದಾಟಿದ ಕೂಡಲೇ ಕ್ಯಾಪ್ಟನ್ ಅದನ್ನು ನಿಲ್ಲಿಸಿ, "ಇನ್ನು ನಗೋಯಾ ಬರುವವರೆಗೆ ಹಿಂದಿನ ಕಾಲದವರ ಹಾಗೆ ಹೋಗೋಣ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಬಕೆಟ್ಟಿನೊಳಗಿಂದ ಬೈದೆ. ಪಾಳಿಯ ಪ್ರಕಾರ ನಮ್ಮ ಗುಂಪಿಗೆ ಬಂದದ್ದು ಬೆಳಗಿನ ನಾಲ್ಕರಿಂದ ಎಂಟು, ಸಂಜೆ ನಾಲ್ಕರಿಂದ ಎಂಟು. ಧನುರ್ಮಾಸದ ಪೂಜೆಗೂ ನಾನು ಅಷ್ಟು ಹೊತ್ತಿಗೆ ಎದ್ದವಳಲ್ಲ.

ಗುಂಪಿನಲ್ಲಿ ನಗೋಯಾದವರೊಬ್ಬರಿದ್ದರು, ಸಿಟಿ ಬಸ್ ಓಡಿಸಿ ನಿವೃತ್ತರಾದವರು, ಎಪ್ಪತ್ತು ದಾಟಿದ್ದರೂ ಕೋಲಿನ ಹಾಗೆ ನೆಟ್ಟಗೆ ನಿಲ್ಲುವವರು. ನಾವಿಬ್ಬರೂ ನಮ್ಮನಮ್ಮಲ್ಲಿ ಅವರಿಗೆ ಬಸ್ ತಾತ ಎಂದು ಹೆಸರಿಟ್ಟೆವು. ನನ್ನ ಅವಸ್ಥೆ ನೋಡಿ ಅವರು ಉಪ್ಪಿನಲ್ಲಿ ಹಾಕಿದ ಹುಳಿ ಪ್ಲಮ್ ಹಣ್ಣೊಂದನ್ನು ಕೊಟ್ಟರು. ಅದನ್ನು ಬಾಯಿಗೆ ಹಾಕಿಕೊಂಡ ಮೇಲೆ ಹೊಟ್ಟೆ ತೊಳಸುವುದು ನಿಂತಿತು. ಮೂರನೆಯ ದಿನ ನಾನು ಎದ್ದು ಕೂತು, ಬ್ಯಾಗಿನಿಂದ ಚಟ್ನಿಪುಡಿ ತೆಗೆದು ಅನ್ನಕ್ಕೆ ಕಲಸಿ ಅವರಿಗೂ ಒಂದು ತುತ್ತು ಕೊಟ್ಟೆ. ಅಲ್ಲಿಗೆ ನನ್ನ ಚಟ್ನಿಪುಡಿಯ ಆಯಸ್ಸು ಮುಗಿಯಿತು. ಪ್ರತಿ ಊಟಕ್ಕೂ ಅವರು ಚಿಕ್ಕ ಬಟ್ಟಲು ಹಿಡಿದು, "ಸುಮಿಮಾಸೆನ್", ಅಂದರೆ ಕ್ಷಮಿಸಿ, ಎಂದು ತಲೆ ಬಾಗಿಸಿ ನಿಲ್ಲತೊಡಗಿದರು.

ಆ ಹಡಗಿನಲ್ಲಿ ಹಗ್ಗ, ಹಾಯಿ, ಕಂಬಗಳಿಗೆಲ್ಲ ಯಜಮಾನ ಅಂದರೆ ಬೋಸನ್. ನಾವು ಬೋಸನ್-ಸಾನ್ ಎಂದು ಕರೆಯುತ್ತಿದ್ದೆವು. ಅರವತ್ತರ ಹತ್ತಿರದ ಗಿಡ್ಡ ಮನುಷ್ಯ, ನಗುವುದು ಕಡಿಮೆ. ನನ್ನನ್ನು ಒಕಾಸಾನ್, ಅಂದರೆ ತಾಯಿಯವರೇ, ಎಂದು ಕರೆಯುತ್ತಿದ್ದರು. ಅವರದೊಂದು ಕಟ್ಟುನಿಟ್ಟು: ಯಾವ ಹಗ್ಗ ಬಿಚ್ಚುವ ಮೊದಲೂ ಎಲ್ಲರೂ ಬೆರಳು ಮಾಡಿ ತೋರಿಸಿ ಕೂಗಬೇಕು. "ಹಗ್ಗ?" ಅಂದರೆ ಹಗ್ಗಕ್ಕೆ ಬೆರಳು ಮಾಡಿ "ಯೋಶಿ!" ಅನ್ನಬೇಕು, ಸರಿ ಇದೆ ಅಂತ. "ಕಾಲು?" ಅಂದರೆ ನಮ್ಮ ಪಾದವನ್ನೇ ನೋಡಿ, ಅದರ ಸುತ್ತ ಹಗ್ಗ ಇಲ್ಲವೆಂದು ಖಾತ್ರಿ ಮಾಡಿಕೊಂಡು "ಯೋಶಿ!" ಅನ್ನಬೇಕು. ನನಗೆ ಇದು ಹೊಸದಲ್ಲ. ನಾನು ಕಾರಿನ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದವಳು. ನಮ್ಮ ಕಂಪನಿಯ ಆವರಣದಲ್ಲಿ ರಸ್ತೆ ದಾಟುವಾಗಲೂ ಎಡಕ್ಕೆ ಬಲಕ್ಕೆ ಬೆರಳು ಮಾಡಿ ಯೋಶಿ ಅನ್ನಬೇಕು. ಹತ್ತು ವರ್ಷದಿಂದ ಅನ್ನುತ್ತಿದ್ದೇನೆ, ಮೊಬೈಲು ನೋಡಿಕೊಂಡು.

ನನಗೆ ಇನ್ನೊಂದು ಅಭ್ಯಾಸವಿದೆ, ಅದು ನನ್ನೊಬ್ಬಳದಲ್ಲ, ನಮ್ಮೆಲ್ಲರದೂ. ಪುಸ್ತಕಕ್ಕೋ ಪೊರಕೆಗೋ ಅಕ್ಕಿ ಸೇರಿಗೋ ಕಾಲು ತಗುಲಿದರೆ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವಲ್ಲ, ಅದು. ಹಾಯಿಹಡಗಿನಲ್ಲಿ ಹೆಜ್ಜೆ ಇಟ್ಟಲ್ಲೆಲ್ಲ ಹಗ್ಗ. ದಿನಕ್ಕೆ ಐವತ್ತು ಸಲ ಕಾಲು ತಗುಲುತ್ತಿತ್ತು, ಐವತ್ತು ಸಲ ಬಗ್ಗುತ್ತಿದ್ದೆ. ಮಗಳಿಗೆ ನಾಚಿಕೆಯಿಂದ ಪ್ರಾಣ ಹೋಗುತ್ತಿತ್ತು.

"ಅಮ್ಮಾ, ಯಮೇತೆ! ನಿಲ್ಸು! ಎಲ್ರೂ ನೋಡ್ತಿದಾರೆ."

"ನೋಡ್ಲಿ. ಕೆಲಸದ ಸಾಮಾನು ಕಣೇ. ಕಾಲಲ್ಲಿ ಒದ್ದು ಹಂಗೇ ಹೋಗೋಕಾಗುತ್ತಾ?"

"ಇಟ್ಸ್ ಎ ರೋಪ್!"

ಬಸ್ ತಾತ ಇದನ್ನು ಯೋಗಾಸನವೆಂದು ತಿಳಿದು, ಇದು ಸೊಂಟಕ್ಕೆ ಒಳ್ಳೆಯದೇ ಎಂದು ವಿಚಾರಿಸಿದರು. ಒಳ್ಳೆಯದೇ ಅಂದೆ.

ನಾಲ್ಕನೆಯ ದಿನ ಗಾಳಿ ನಿಂತುಹೋಯಿತು. ಸುಮ್ಮನೆ ನಿಂತಿತು ಅಷ್ಟೇ, ನಮ್ಮ ಕಡೆಯ ಕರೆಂಟಿನ ಹಾಗೆ. ಹಾಯಿಗಳೆಲ್ಲ ಒಣಗಿಹಾಕಿದ ಪಂಚೆಯಂತೆ ಜೋತುಬಿದ್ದವು. ಒಂದು ದಿನವಾಯಿತು, ಎರಡು ದಿನವಾಯಿತು. ಎಂಜಿನ್ ಹಾಕಬಾರದೇ ಎಂದು ನಾನು ಕೇಳಿದೆ. ಕ್ಯಾಪ್ಟನ್ ಮೃದುವಾಗಿ ನಕ್ಕರು. ನಾವು ಯಾವಾಗ ಮುಟ್ಟುತ್ತೇವೆ, ಸರಿಯಾದ ವೇಳೆ ಹೇಳಿ ಎಂದು ಕೇಳಿದೆ. ಒಂದು ನಿಮಿಷ ತಡವಾದರೆ ಸಬ್‌ವೇಯವರು ಮೈಕಿನಲ್ಲಿ ಕ್ಷಮೆ ಕೇಳುವ ಊರಿನಲ್ಲಿ ಇಷ್ಟು ವರ್ಷ ಇದ್ದು ನನಗೂ ಅದೇ ರೋಗ ಅಂಟಿತ್ತು. ಕ್ಯಾಪ್ಟನ್ ಆಕಾಶ ತೋರಿಸಿ, "ಅವರನ್ನು ಕೇಳಬೇಕು" ಅಂದರು.

ಬೇರೆ ಗತಿಯಿಲ್ಲದೆ ನಾನು ಮಗಳನ್ನು ನೋಡುತ್ತಾ ಕೂತೆ. ಮನೆಯಲ್ಲಿ ತಟ್ಟೆ ಎತ್ತಿಡು ಅಂದರೆ ಮೂರು ಸಲ ಕೂಗಬೇಕಾದ ಹುಡುಗಿ. ಇಲ್ಲಿ ಕೂಗುವ ಮೊದಲೇ ಎದ್ದಿರುತ್ತಿದ್ದಳು. ಅಷ್ಟೂ ಹಗ್ಗಗಳ ಹೆಸರು ಬಾಯಿಪಾಠ. ಕಂಬ ಹತ್ತಿ ಅಲ್ಲಿಂದ ಕೈಬೀಸಿದಾಗ ನಾನು ಕಣ್ಣು ಮುಚ್ಚಿ ನಂಜುಂಡೇಶ್ವರನಿಗೆ ಹರಕೆ ಹೊತ್ತೆ. ಇಳಿದು ಬಂದವಳ ಕೆನ್ನೆ ಕೆಂಪಗಾಗಿತ್ತು, ಕೂದಲು ಉಪ್ಪಿಗೆ ಗಂಟುಗಂಟಾಗಿತ್ತು. ಈ ಹುಡುಗಿ ಇಷ್ಟು ಸಂತೋಷವಾಗಿರುವುದನ್ನು ನಾನು ಯಾವತ್ತಾದರೂ ನೋಡಿದ್ದೇನೆಯೇ ಎಂದು ಯೋಚಿಸಿದೆ. ಬೇಡ ಅನ್ನುವುದು ದಿನದಿಂದ ದಿನಕ್ಕೆ ಕಷ್ಟವಾಗುತ್ತಿತ್ತು, ಆದರೂ ಬೇಡವೇ ಅಂದುಕೊಂಡಿದ್ದೆ.

ಏಳನೆಯ ದಿನ ಸಂಜೆ ಐದರ ಸುಮಾರಿಗೆ ಪಶ್ಚಿಮದಲ್ಲಿ ಕಪ್ಪು ಮೋಡ ಎದ್ದಿತು. ಇಷ್ಟು ದಿನ ಕೈಕೊಟ್ಟಿದ್ದ ಗಾಳಿ ಬಡ್ಡಿ ಸಮೇತ ಬರುತ್ತಿದೆ ಎಂದು ಬೋಸನ್-ಸಾನ್ ಓಡಿ ಬಂದರು. ಮುಂದಿನ ಕಂಬದ ಮೇಲುಹಾಯಿಯನ್ನು ಕೂಡಲೇ ಇಳಿಸಬೇಕು. ಆ ಹಾಯಿಯನ್ನು ಉದ್ದನೆಯ ಅಡ್ಡಮರವೊಂದಕ್ಕೆ ಕಟ್ಟಿರುತ್ತಾರೆ. ಅಡ್ಡಮರದ ಭಾರವೆಲ್ಲ ಒಂದೇ ಹಗ್ಗದ ಮೇಲೆ. ಆ ಹಗ್ಗ ಕೆಳಗೆ ಒಂದು ಗೂಟಕ್ಕೆ ಸುತ್ತಿರುತ್ತದೆ. ಗೂಟದ ಹತ್ತಿರ ನಿಂತವರು ಬಾವಿಗೆ ಕೊಡ ಇಳಿಬಿಡುವ ಹಾಗೆ ಹಗ್ಗವನ್ನು ಹಿಡಿತದಲ್ಲಿಟ್ಟುಕೊಂಡು ಸಡಿಲಿಸಬೇಕು. ಕೈಬಿಟ್ಟರೆ ಅಡ್ಡಮರ ಧಡಕ್ಕನೆ ಬೀಳುತ್ತದೆ, ಹಗ್ಗ ಹುಚ್ಚು ಹಿಡಿದ ಹಾಗೆ ಓಡುತ್ತದೆ. ಆ ಹೊತ್ತು ಗೂಟದ ಬಳಿ ಇದ್ದವಳು ನನ್ನ ಮಗಳು, ಅವಳ ಹಿಂದೆ ಬಸ್ ತಾತ. ನಾನು ಇನ್ನೂ ನಾಲ್ವರ ಜೊತೆ ಅವರಿಗೆ ನಾಲ್ಕು ಹೆಜ್ಜೆ ದೂರದಲ್ಲಿ ಬೇರೊಂದು ಹಗ್ಗ ಎಳೆಯಲು ನಿಂತಿದ್ದೆ.

"ಹಗ್ಗ?" "ಯೋಶಿ!" "ಕಾಲು?" "ಯೋಶಿ!"

ನಾನೂ ಕೂಗಿದೆ, ಬೆರಳೂ ಮಾಡಿದೆ. ಕಣ್ಣು ಮಾತ್ರ ಮೋಡದ ಮೇಲಿತ್ತು. ಆಫೀಸಿನ ರಸ್ತೆ ದಾಟುವ ಚಾಳಿ.

ಎಳೆಯುತ್ತಾ ಎಳೆಯುತ್ತಾ ನಾನು ಹಿಂದೆ ಸರಿದೆ. ನನ್ನ ಹಿಮ್ಮಡಿ ಏನಕ್ಕೋ ತಗುಲಿತು. ಮಗಳು ಸಡಿಲಿಸುತ್ತಿದ್ದ ಹಗ್ಗದ ಸುರುಳಿ ಅದು, ಒಂದೊಂದೇ ಸುತ್ತು ಬಿಚ್ಚಿಕೊಂಡು ಗೂಟದ ಕಡೆ ಓಡುತ್ತಿತ್ತು. ಅದೆಲ್ಲ ಈಗ ಹೇಳುತ್ತಿರುವುದು. ಆಗ ನನಗೆ ಗೊತ್ತಾದದ್ದು ಇಷ್ಟೇ: ಕಾಲು ತಗುಲಿತು. ಬಿರುಗಾಳಿ ಬರಲಿ, ಪ್ರಳಯವೇ ಬರಲಿ, ನಲವತ್ತನಾಲ್ಕು ವರ್ಷದ ಅಭ್ಯಾಸ ಕೇಳುತ್ತದೆಯೇ? ಎಳೆಯುತ್ತಿದ್ದ ಹಗ್ಗ ಬಿಟ್ಟು, ಬಗ್ಗಿ, ಓಡುವ ಹಗ್ಗವನ್ನು ಬಲಗೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಹೋದೆ.

ಅಂಗೈ ಕಾದ ಕಾವಲಿಯ ಮೇಲಿಟ್ಟಂತಾಯಿತು. ಮರುಕ್ಷಣ ಒಂದು ಸುತ್ತು ಮಣಿಕಟ್ಟಿಗೆ ಬಿದ್ದು ನನ್ನನ್ನು ಮೊಣಕಾಲ ಮೇಲೆ ಕೆಡವಿ ಗೂಟದ ಕಡೆಗೆ ಎಳೆಯಿತು. "ಅಯ್ಯಯ್ಯೋ! ಅಮ್ಮಾ!" ಎಂದು ಕಿರುಚಿದೆ. ಹಗ್ಗ ಗಕ್ಕನೆ ನಿಂತಿತು. ತಲೆಯೆತ್ತಿದರೆ ಎರಡು ಮಾರು ದೂರದಲ್ಲಿ ನನ್ನ ಮಗಳು. ಹಗ್ಗವನ್ನು ಗೂಟಕ್ಕೆ ಬಿಗಿದು, ಎರಡೂ ಕೈಯಲ್ಲಿ ಹಿಡಿದು, ಹಿಂದಕ್ಕೆ ಬಾಗಿ ನಿಂತಿದ್ದಾಳೆ. ನನ್ನನ್ನು ಒಂದು ಸಲ ನೋಡಿದಳು. ಆಮೇಲೆ ಮುಖ ಕಂಬದ ಕಡೆ ತಿರುಗಿಸಿಕೊಂಡಳು. ನಾನು ಅವಳ ಹೆಸರು ಹಿಡಿದು ಕೂಗಿದೆ. ತಿರುಗಲಿಲ್ಲ. ಇನ್ನೊಂದು ಸಲ ಕೂಗಿದೆ. ತಿರುಗಲಿಲ್ಲ. ಬೋಸನ್-ಸಾನ್ ಹಾರಿ ಬಂದು ನನ್ನ ಕೈಯನ್ನು ಸುತ್ತಿನಿಂದ ಬಿಡಿಸಿ, ಸೊಂಟ ಹಿಡಿದು ಆಚೆ ಎಳೆದು ಕೂರಿಸಿ, "ಯೋಶಿ!" ಎಂದು ಕೂಗಿದರು. ಆಗ ಅವಳು ಮತ್ತೆ ಹಗ್ಗ ಸಡಿಲಿಸತೊಡಗಿದಳು. ಅಡ್ಡಮರ ಪೂರ್ತಿ ಕೆಳಗಿಳಿಯುವವರೆಗೆ, ಹಗ್ಗ ಕಟ್ಟಿ ಮುಗಿಯುವವರೆಗೆ, ನನ್ನ ಕಡೆ ನೋಡಲೇ ಇಲ್ಲ. ಅಷ್ಟರಲ್ಲಿ ಮಳೆ ಬಂದು ಎಲ್ಲರನ್ನೂ ತೋಯಿಸಿತು.

ಅಂಗೈಯ ಚರ್ಮ ಕಿತ್ತುಹೋಗಿತ್ತು, ಮಣಿಕಟ್ಟು ಬದನೆಕಾಯಿಯಂತೆ ಊದಿತ್ತು. ಮೂಳೆ ಮುರಿದಿರಲಿಲ್ಲ. ಬೋಸನ್-ಸಾನ್ ತಾವೇ ಮುಲಾಮು ಹಚ್ಚಿ ಬ್ಯಾಂಡೇಜು ಕಟ್ಟಿ, ಎರಡು ಹೆಜ್ಜೆ ಹಿಂದೆ ಸರಿದು ಸೊಂಟದವರೆಗೆ ಬಗ್ಗಿ ಕ್ಷಮೆ ಕೇಳಿದರು. ತಪ್ಪು ನನ್ನದು, ನಿಮ್ಮ ಕಣ್ಣು ಎಲ್ಲಿದೆ ಎಂದು ನಾನು ನೋಡಬೇಕಿತ್ತು ಅಂದರು. ಮಂಗನ ಕೆಲಸ ಮಾಡಿದ್ದು ನಾನು, ಅಷ್ಟು ದೊಡ್ಡ ಮನುಷ್ಯ ತಲೆ ಬಗ್ಗಿಸುತ್ತಿದ್ದಾರೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು, ಆದರೆ ಸುತ್ತಲೂ ಇದ್ದದ್ದು ಬರೀ ನೀರು.

ಮಗಳು ಒದ್ದೆ ಬಟ್ಟೆಯಲ್ಲೇ ಓಡಿ ಬಂದಳು. "ಅಮ್ಮಾ, ಆರ್ ಯೂ ಓಕೆ? ತೋರ್ಸು."

"ಏನಿಲ್ಲ."

"ತೋರ್ಸಮ್ಮಾ."

"ಏನಿಲ್ಲ ಅಂದ್ನಲ್ಲ. ಹೋಗು, ನಿನ್ನ ಹಗ್ಗ ನೋಡ್ಕೋ ಹೋಗು."

ಹೌದು, ಹಾಗೆಯೇ ಅಂದೆ. ನನಗೆ ಕೈಗಿಂತ ಹೊಟ್ಟೆ ಉರಿಯುತ್ತಿತ್ತು. ಇವಳಿಗೆ ಏನಾದರೂ ಆದರೆ ನಾನು ಓಡುವುದು ಹೇಗೆ ಎಂದು ವರ್ಷವಿಡೀ ನಿದ್ದೆಗೆಟ್ಟವಳು ನಾನು. ಎರಡು ಮಾರು ದೂರದಲ್ಲಿ ನಾನು ಬಿದ್ದು ಕೂಗಿದರೆ ಇವಳು ಮುಖ ತಿರುಗಿಸಿ ನಿಂತಳು. ಹೆತ್ತ ಮಗಳು! ಹಡಗು ಹತ್ತುವ ಮೊದಲೇ ಹೀಗಾದರೆ ಹತ್ತಿದ ಮೇಲೆ ನಾವು ಇವಳಿಗೆ ಯಾರು? ಅವಳು ಊಟದ ತಟ್ಟೆ ತಂದು ಪಕ್ಕದಲ್ಲಿಟ್ಟು ಹೋದಳು. ನಾನು ಎಡಗೈಯಲ್ಲಿ ಚಮಚ ಹಿಡಿದು ಅರ್ಧ ಅನ್ನವನ್ನು ಮಡಿಲಿಗೆ ಚೆಲ್ಲಿಕೊಂಡು ತಿಂದೆ, ಅವಳನ್ನು ಕರೆಯಲಿಲ್ಲ. ಒಪ್ಪಿಗೆಯಂತೂ ಇಲ್ಲ, ಮುಗಿಯಿತು, ಎಂದು ಗಟ್ಟಿ ಮಾಡಿಕೊಂಡೆ.

ಮರುದಿನ ಬೆಳಿಗ್ಗೆ ಪಾಳಿ ಮುಗಿಯುತ್ತಲೇ ಬೋಸನ್-ಸಾನ್ ನಮ್ಮ ಗುಂಪನ್ನು ಕೂರಿಸಿದರು. ಕೈಯಲ್ಲಿ ಫಾರಂ. ನನಗೆ ನೋಡಿದ ಕೂಡಲೇ ಗುರುತು ಸಿಕ್ಕಿತು. ತಪ್ಪು ನಡೆದರೆ ಬೈಯುವುದಿಲ್ಲ, ಐದು ಸಲ ಏಕೆ, ಏಕೆ ಎಂದು ಕೇಳುತ್ತಾ ಬೇರಿನವರೆಗೆ ಅಗೆಯುತ್ತಾರೆ. ನನ್ನ ಆಫೀಸಿನಲ್ಲಿ ನಾನು ಬೇರೆಯವರನ್ನು ದಿನಾ ಹೀಗೆ ಅಗೆಯುತ್ತೇನೆ. ಮಾಡಿದ್ದುಣ್ಣೋ ಮಹಾರಾಯ.

"ಒಕಾಸಾನ್, ಹಗ್ಗವನ್ನು ಏಕೆ ಮುಟ್ಟಿದಿರಿ?"

"ಕಾಲು ತಗುಲಿತು."

"ಕಾಲು ತಗುಲಿದರೆ ಏಕೆ ಮುಟ್ಟಬೇಕು?"

"ಕ್ಷಮೆ ಕೇಳುವುದಕ್ಕೆ."

ಅವರು ಪೆನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಹಗ್ಗದ ಹತ್ತಿರ ಏಕೆ ಕ್ಷಮೆ?"

"ನಮಗಾಗಿ ಕೆಲಸ ಮಾಡುವ ಸಾಮಾನು. ಒದೆಯಬಾರದು."

"ಕ್ಷಮೆ ಕೇಳಲು ಹಗ್ಗ ನಿಲ್ಲುವವರೆಗೆ ಏಕೆ ಕಾಯಲಿಲ್ಲ?"

"ಕಾಯಬೇಕು ಅಂತ ಅಜ್ಜಿ ಹೇಳಿಕೊಟ್ಟಿರಲಿಲ್ಲ."

"ಏಕೆ?"

"ನಮ್ಮ ಮನೆಯ ಪೊರಕೆ ಓಡುತ್ತಿರಲಿಲ್ಲ."

ಬಸ್ ತಾತ ಮೊದಲು ನಕ್ಕರು, ಆಮೇಲೆ ಎಲ್ಲರೂ. ಬೋಸನ್-ಸಾನ್ ನಗಲಿಲ್ಲ, ಗಂಭೀರವಾಗಿ ಬರೆದುಕೊಂಡರು. ಮೂಲ ಕಾರಣದ ಜಾಗದಲ್ಲಿ ಏನು ಬರೆದಿದ್ದಾರೆಂದು ಇಣುಕಿದೆ. 'ಅಜ್ಜಿಯ ಶಿಕ್ಷಣ. ಒಳ್ಳೆಯದೇ, ಆದರೆ ಹಡಗಿಗೆ ಅಪೂರ್ಣ' ಎಂದಿತ್ತು. ಕೆಳಗೆ ಪರಿಹಾರ: 'ಹಗ್ಗಕ್ಕೆ ಕಾಲು ತಗುಲಿದರೆ, ಹಗ್ಗ ನಿಂತು ಕಟ್ಟಿದ ಮೇಲೆ ಕ್ಷಮೆ ಕೇಳುವುದು.' ಅದನ್ನು ದಿನದ ಸೂಚನೆಗಳ ಹಲಗೆಯ ಮೇಲೂ ಬರೆಸಿದರು. ಮಧ್ಯಾಹ್ನದ ಹೊತ್ತಿಗೆ ಬಸ್ ತಾತ ಎಡವಿದ ಹಗ್ಗವೊಂದಕ್ಕೆ ಕೈಮುಗಿಯುತ್ತಿರುವುದನ್ನು ನೋಡಿದೆ.

ಆದರೆ ಅದಕ್ಕೆ ಮೊದಲು ಇನ್ನೊಂದು ನಡೆಯಿತು. ನನ್ನದು ಮುಗಿದ ಮೇಲೆ ಬೋಸನ್-ಸಾನ್ ಹಾಳೆ ತಿರುಗಿಸಿ ಮಗಳ ಕಡೆ ನೋಡಿದರು. ಹಗ್ಗ ಹಿಡಿದಿದ್ದವರ ಹೇಳಿಕೆಯೂ ಬೇಕಂತೆ.

"ಹಗ್ಗವನ್ನು ಏಕೆ ನಿಲ್ಲಿಸಿ ಹಿಡಿದೆ?"

"ಬಿಟ್ಟಿದ್ದರೆ ಅಡ್ಡಮರ ಬೀಳುತ್ತಿತ್ತು. ಅಮ್ಮನ ಕೈಯನ್ನು ಹಗ್ಗ ಗೂಟಕ್ಕೆ ಎಳೆದು ಹಾಕುತ್ತಿತ್ತು." ಜಪಾನಿ ಭಾಷೆಯಲ್ಲಿ, ಪಾಠ ಒಪ್ಪಿಸುವವಳ ಹಾಗೆ ಹೇಳಿದಳು.

"ತಾಯಿ ಕೂಗಿದಾಗ ಏಕೆ ತಿರುಗಿ ನೋಡಲಿಲ್ಲ?"

ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು. ಅವೂ ಸುಲಿದಿದ್ದವು, ನಾನು ಹಿಂದಿನ ಸಂಜೆಯಿಂದ ಅವಳ ಕೈ ನೋಡಿರಲೇ ಇಲ್ಲ.

"ನೋಡಿದ್ದರೆ ಬಿಟ್ಟುಬಿಡುತ್ತಿದ್ದೆ," ಅಂದಳು.

ಬೋಸನ್-ಸಾನ್ ಪೆನ್ನಿನ ಮುಚ್ಚಳ ಹಾಕಿದರು. ಮೂರನೆಯ ಏಕೆ ಕೇಳಲಿಲ್ಲ.

ನನ್ನ ಕೋಪ ಎಲ್ಲಿ ಹೋಯಿತೋ ತಿಳಿಯದು. ಎದ್ದು ಹಡಗಿನ ಹಿಂಬದಿಗೆ ಹೋಗಿ ಚೆನ್ನಾಗಿ ಅತ್ತೆ. ಸ್ವಲ್ಪ ಹೊತ್ತಿನ ಮೇಲೆ ಅವಳು ಬಂದು ಪಕ್ಕದಲ್ಲಿ ಕೂತಳು. ಮುಲಾಮಿನ ಡಬ್ಬಿ ತೆಗೆದು ಎಡಗೈಯಲ್ಲಿ ಅವಳ ಅಂಗೈಗೆ ಹಚ್ಚಿದೆ. "ಸಾರಿ ಕಣೇ," ಅಂದೆ. "ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ನೀನು ಬರಲಿಲ್ಲ ಅಂತ ಉರ್ಕೊಂಡು ಕೂತಿದ್ದೆ."

"ಐ ನೋ. ನಿಂಗೆ ತುಂಬಾ ಕೋಪ ಬಂದ್ರೆ ಏನಿಲ್ಲ ಅಂತೀಯ." ಆಮೇಲೆ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು.

ಇಷ್ಟಾದ ಮೇಲೆ ನಾನು ತಕ್ಷಣ ಒಪ್ಪಿಗೆ ಕೊಟ್ಟೆ ಎಂದು ಬರೆಯಬಹುದಿತ್ತು. ಕೊಡಲಿಲ್ಲ. ಅವಳ ಮೇಲೆ ಹೆಮ್ಮೆ ಬಂದಿತ್ತು, ಆದರೆ ಭಯ ಎಲ್ಲಿಗೂ ಹೋಗಿರಲಿಲ್ಲ. ಒಂದೇ ಮನೆಯಲ್ಲಿ ಎರಡೂ ಇದ್ದವು. ಹತ್ತನೆಯ ದಿನ ನಗೋಯಾ ಬಂದರಿನ ಕ್ರೇನುಗಳು ಕಂಡವು. ಬಸ್ ತಾತ ಖಾಲಿ ಚಟ್ನಿಪುಡಿ ಡಬ್ಬಿಯನ್ನು ತೊಳೆದು ಒರೆಸಿ, ಕರವಸ್ತ್ರದಲ್ಲಿ ಸುತ್ತಿ ಎರಡೂ ಕೈಯಲ್ಲಿ ಹಿಂದಿರುಗಿಸಿದರು. ದಡದಲ್ಲಿ ನನ್ನ ಗಂಡ ಎರಡೂ ಕೈ ಬೀಸುತ್ತಿದ್ದರು. ನೆಲಕ್ಕೆ ಇಳಿದು ನಾಲ್ಕು ಹೆಜ್ಜೆ ನಡೆಯುವುದರೊಳಗೆ ಮಗಳು ಕೇಳಿದಳು:

"ಸೋ, ಅಮ್ಮಾ?"

"ನೋಡೋಣ," ಅಂದೆ.

ನಮ್ಮ ಮನೆಗಳಲ್ಲಿ ಬೆಳೆದ ಯಾವ ಮಗುವಿಗೆ ಗೊತ್ತಿಲ್ಲ, ಅಮ್ಮ ನೋಡೋಣ ಅಂದರೆ ಏನು ಅಂತ? ಅವಳ ಮುಖ ಸಪ್ಪಗಾಯಿತು. ಬ್ಯಾಗು ಹೆಗಲಿಗೇರಿಸಿ, "ಓಕೆ" ಅಂದಳು. ಅಷ್ಟೇ.

ಮಾತು ಕೊಟ್ಟಿದ್ದಳಲ್ಲ, ಮತ್ತೆ ಎತ್ತಲಿಲ್ಲ. ಆಗಸ್ಟ್ ಕಳೆಯಿತು, ಸೆಪ್ಟೆಂಬರ್ ಬಂತು. ತಟ್ಟೆ ಎತ್ತಿಡು ಅಂದರೆ ಮತ್ತೆ ಮೂರು ಸಲ ಕೂಗಬೇಕಾಯಿತು. ಹಡಗಿನ ಚಿತ್ರಗಳನ್ನು ಗೋಡೆಯಿಂದ ತೆಗೆದಳು, ಅದೂ ಸದ್ದಿಲ್ಲದೆ, ನಾನು ಆಫೀಸಿಗೆ ಹೋದಾಗ. ಜಗಳ ಮಾಡಿದ್ದರೆ ನಾನೂ ಜಗಳ ಮಾಡಿ ಗೆಲ್ಲುತ್ತಿದ್ದೆ. ನನ್ನ ಅಂಗೈ ವಾಸಿಯಾಗಿ ತೆಳ್ಳನೆಯ ಗುಲಾಬಿ ಚರ್ಮ ಬಂತು. ಅನ್ನ ಕಲಸುವಾಗ ಬಿಸಿ ತಾಗಿದರೆ ಈಗಲೂ ಅಲ್ಲಿ ಚುರುಕ್ಕೆನ್ನುತ್ತದೆ.

ಅಕ್ಟೋಬರಿನಲ್ಲಿ ಶಾಲೆಯಿಂದ ಕರೆ ಬಂತು. ಟೀಚರು, ಮಗು, ತಾಯಿ ಮೂವರೂ ಒಂದು ಮೇಜಿನ ಸುತ್ತ ಕೂತು ಮುಂದಿನ ಶಾಲೆ ಯಾವುದೆಂದು ನಿರ್ಧರಿಸುವ ಕ್ರಮ ಇಲ್ಲಿದೆ. ಟೀಚರು ಚಿಕ್ಕ ವಯಸ್ಸಿನವರು, ಬಹಳ ಮರ್ಯಾದೆಯವರು. ಮೊದಲ ಆಯ್ಕೆ ಯಾವುದು ಎಂದು ಮಗಳನ್ನು ಕೇಳಿದರು.

ಅವಳು ಮೇಜು ನೋಡುತ್ತಾ ನಮ್ಮ ಮನೆ ಹತ್ತಿರದ ಹೈಸ್ಕೂಲಿನ ಹೆಸರು ಹೇಳಿದಳು. ದನಿಯಲ್ಲಿ ದೂರಿಲ್ಲ, ಅಳುವಿಲ್ಲ. ಟೀಚರು ಬರೆದುಕೊಳ್ಳಲು ಪೆನ್ನು ಎತ್ತಿದರು. ಇವಳು ಮುಖ ಆಚೆ ತಿರುಗಿಸಿಕೊಂಡು ಕಿಟಕಿ ನೋಡುತ್ತಿದ್ದಳು, ನನ್ನನ್ನು ನೋಡಲಿಲ್ಲ. ಏಕೆ ನೋಡುತ್ತಿಲ್ಲವೆಂದು ಪ್ರಪಂಚದಲ್ಲಿ ಇನ್ಯಾರಿಗೂ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿತ್ತು.

"ಸುಮಿಮಾಸೆನ್," ಅಂದೆ. "ಅದಲ್ಲ. ಹಡಗಿನ ಕಾಲೇಜು ಎಂದು ಬರೆದುಕೊಳ್ಳಿ."

ಟೀಚರು ಇಬ್ಬರನ್ನೂ ನೋಡಿದರು. "ಒಕಾಸಾನ್, ಮನೆಯಲ್ಲಿ ಇದಕ್ಕೆ ವಿರೋಧ ಇದೆ ಎಂದು ಕೇಳಿದ್ದೆ. ಏನಾದರೂ ವಿಶೇಷ ಕಾರಣವೇ?"

ನನ್ನ ಜಪಾನಿ ಭಾಷೆ ಆಫೀಸಿನ ಮೀಟಿಂಗಿಗೆ ಸಾಕು, ಇಂಥ ಮಾತಿಗೆ ಸಾಲದು. ಇದ್ದಬದ್ದ ಪದಗಳನ್ನು ಸೇರಿಸಿ ಹೇಳಿದೆ: "ನಾನು ಹಗ್ಗಕ್ಕೆ ಸಿಕ್ಕಿ ಇವಳನ್ನು ಕೂಗಿದೆ. ಇವಳು ಬರಲಿಲ್ಲ."

"ಬರಲಿಲ್ಲವೇ?" ಅದು ದೂರೋ ಹೊಗಳಿಕೆಯೋ ಆಕೆಗೆ ತಿಳಿಯಲಿಲ್ಲ, ಪಾಪ.

"ಬರಲಿಲ್ಲ," ಅಂದೆ. "ಹಾಗಾಗಿ ನನ್ನ ಕೈ ಉಳಿಯಿತು."

ಟೀಚರು ಇನ್ನೇನೋ ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮಗಳು ಗೊಳೋ ಎಂದು ಅಳತೊಡಗಿದಳು. ಶಾಲೆಯಲ್ಲಿ, ಟೀಚರ ಎದುರಿಗೆ, ಮೂಗು ಒರೆಸಿಕೊಳ್ಳಲೂ ನೆನಪಿಲ್ಲದೆ. ಅದನ್ನು ನೋಡಿ ನನಗೂ ತಡೆಯಲಾಗಲಿಲ್ಲ. ಟೀಚರು ಟಿಶ್ಯೂ ಡಬ್ಬಿಯನ್ನು ನಮ್ಮಿಬ್ಬರ ಮಧ್ಯೆ ಇಟ್ಟು, ಅರ್ಜಿಯ ಫಾರಂ ತರಲು ಎದ್ದು ಹೋದರು.